ನಡುಹಗಲ ಕಾಟ: ನಿಂತುಹೋದ ಬದುಕು, ನಂಬಿಕೆ ಮತ್ತು ಮನಶ್ಶಾಸ್ತ್ರ



ಕೈಕಾಲು ಗಟ್ಟಿಯಿದ್ದೂ, ಊಟ ಬಟ್ಟೆಗೆ ಕೊರತೆ ಇಲ್ಲದೆಯೂ, "ಬದುಕು ಇದ್ದಲ್ಲೇ ನಿಂತುಬಿಟ್ಟಿದೆ" ಅನ್ನುವವರನ್ನು ನೀವೂ ಕಂಡಿರುತ್ತೀರಿ. ಬಡ್ತಿಯ ಆಸೆಯೂ ಉಳಿಯದ ನೌಕರ, ಮಕ್ಕಳು ದೂರದೂರಿಗೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಉಳಿದ ತಾಯಿ, ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆಯುತ್ತಿರುವ ಹುಡುಗ. ಇವರಿಗೆ ಚರ್ಚಿನಲ್ಲಿ ಸಿಗುವ ಉತ್ತರ "ಇನ್ನೂ ಪ್ರಾರ್ಥನೆ ಮಾಡು". ಹೊರಗೆ ಸಿಗುವ ಉತ್ತರ "ಪಾಸಿಟಿವ್ ಆಗಿ ಯೋಚನೆ ಮಾಡು". ಕೇಳಲು ಬೇರೆ ಬೇರೆ ಅನ್ನಿಸಿದರೂ ಎರಡರಲ್ಲೂ ಇರುವುದು ಒಂದೇ ಊಹೆ: ಮೊದಲು ಮನಸ್ಸು ಸರಿಹೋಗಬೇಕು, ಆಮೇಲೆ ಕಾಲು ತಾನಾಗಿ ಏಳುತ್ತದೆ. ಈ ಊಹೆ ತಲೆಕೆಳಗಾಗಿದೆ ಎಂದು ನಾನು ಹೇಳಬೇಕಾಗಿದೆ. ಅದಕ್ಕೆ ಸಾಕ್ಷಿ ಹೇಳುವವರು ಇಬ್ಬಗೆಯವರು. ಒಂದು ಕಡೆ ಹದಿನಾರು ಶತಮಾನಗಳ ಹಿಂದಿನ ಮರುಭೂಮಿಯ ಸನ್ಯಾಸಿಗಳು, ಇನ್ನೊಂದು ಕಡೆ ನಮ್ಮ ಕಾಲದ ಪ್ರಯೋಗಾಲಯ ಮತ್ತು ಆರೋಗ್ಯ ಕೇಂದ್ರಗಳವರು.

ಸನ್ಯಾಸಿಗಳಲ್ಲಿ ಮೊದಲು ನೆನೆಯಬೇಕಾದವನು ಇವಾಗ್ರಿಯಸ್. ಸುಮಾರು 345ರಲ್ಲಿ ಕಪ್ಪು ಸಮುದ್ರದ ತೆಂಕಣ ದಂಡೆಯ ಪೊಂಟಸ್ ಪ್ರಾಂತದಲ್ಲಿ ಹುಟ್ಟಿದ. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ವಾಗ್ಮಿ ಎಂದು ಹೆಸರು ಮಾಡಿದ. ಅಲ್ಲಿ ಒಬ್ಬ ವಿವಾಹಿತೆಯಲ್ಲಿ ಮನಸ್ಸು ನೆಟ್ಟು, ಹೆದರಿ, ಊರು ಬಿಟ್ಟು ಜೆರುಸಲೇಮಿಗೆ ಓಡಿದ. ಅಲ್ಲಿ ಸಂಸಾರವೂ ಹತ್ತಲಿಲ್ಲ, ಸನ್ಯಾಸವೂ ಹತ್ತಲಿಲ್ಲ. ಆರು ತಿಂಗಳು ಜ್ವರದಲ್ಲಿ ಮಲಗಿದ, ವೈದ್ಯರು ಕೈಚೆಲ್ಲಿದರು. ಆಗ ಮಠ ಕಟ್ಟಿ ನಡೆಸುತ್ತಿದ್ದ ಮೆಲಾನಿಯಾ ಎಂಬ ಹೆಂಗಸು ಹತ್ತಿರ ಕುಳಿತು, ಈ ಕಾಯಿಲೆ ಬರೀ ಮೈಯದಲ್ಲ, ಒಳಗಿರುವುದನ್ನು ಹೇಳಿಬಿಡು ಎಂದಳಂತೆ. ಹೇಳಿದ. ಕೆಲವೇ ದಿನಗಳಲ್ಲಿ ಎದ್ದ. ಸುಮಾರು 383ರಲ್ಲಿ ಈಜಿಪ್ಟಿನ ಮರುಭೂಮಿಗೆ ಹೋಗಿ, ಹಸ್ತಪ್ರತಿಗಳನ್ನು ನಕಲು ಮಾಡುತ್ತ ಹೊಟ್ಟೆ ಹೊರೆದು, 399ರಲ್ಲಿ ಅಲ್ಲೇ ತೀರಿಕೊಂಡ. ಇದನ್ನೆಲ್ಲ ಬರೆದಿಟ್ಟವನು ಅವನ ಶಿಷ್ಯ ಪಲ್ಲಾಡಿಯಸ್. ಇಷ್ಟು ವಿವರವಾಗಿ ಹೇಳಿದ್ದು ಯಾಕೆಂದರೆ, ಸಿಕ್ಕಿಬೀಳುವುದೆಂದರೇನು ಎಂಬುದನ್ನು ಈ ಮನುಷ್ಯ ಓದಿ ತಿಳಿದವನಲ್ಲ.

ಮನಸ್ಸನ್ನು ಕಾಡುವ ಎಂಟು ಯೋಚನೆಗಳನ್ನು ಅವನು ಪಟ್ಟಿ ಮಾಡಿದ. ಹೊಟ್ಟೆಬಾಕತನ, ಕಾಮ, ಹಣದಾಸೆ, ಸಿಟ್ಟು ಎಲ್ಲವೂ ಅದರಲ್ಲಿವೆ. ಆದರೆ ಎಲ್ಲಕ್ಕಿಂತ ಭಾರವಾದದ್ದು ಅಕೀಡಿಯ, ನಡುಹಗಲ ಪಿಶಾಚಿ ಎಂದ. ಅದು ಬರುವುದು ಬೆಳಗ್ಗೆ ಹತ್ತರ ಸುಮಾರಿಗೆ, ಬಿಡುವುದು ಮಧ್ಯಾಹ್ನ ಎರಡಕ್ಕೆ. ಸೂರ್ಯ ಅಲ್ಲಾಡುವುದೇ ಇಲ್ಲ ಅನ್ನಿಸುತ್ತದೆ. ಹಗಲಿಗೆ ಐವತ್ತು ಗಂಟೆ ಇದ್ದಂತೆ ಕಾಣುತ್ತದೆ. ಸನ್ಯಾಸಿ ಕಿಟಕಿಯತ್ತ ನೋಡುತ್ತಾನೆ, ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಬಿಸಿಲು ಅಳೆಯುತ್ತಾನೆ, ಯಾರಾದರೂ ಬರುತ್ತಾರೋ ಎಂದು ದಾರಿ ಕಾಯುತ್ತಾನೆ. ಆಮೇಲೆ ಜಾಗದ ಮೇಲೆ ಜಿಗುಪ್ಸೆ, ಕೈಯಲ್ಲಿರುವ ಕೆಲಸದ ಮೇಲೆ ಜಿಗುಪ್ಸೆ. ಇಲ್ಲಿ ಯಾರಿಗೂ ಪ್ರೀತಿ ಇಲ್ಲ, ಸಮಾಧಾನ ಹೇಳುವವರಿಲ್ಲ. ಅದೇ ಹೊತ್ತಿಗೆ ಯಾರೋ ಮನಸ್ಸು ನೋಯಿಸಿದ್ದು ನೆನಪಾಗುತ್ತದೆ. ಬೇರೆ ಕಡೆ ಹೋದರೆ ಕೆಲಸ ಸುಲಭ, ದೇವರನ್ನು ಎಲ್ಲಿದ್ದರೂ ಮೆಚ್ಚಿಸಬಹುದಲ್ಲ ಎಂಬ ತರ್ಕ ಹುಟ್ಟುತ್ತದೆ. ಕೊನೆಗೆ, ಮುಂದಿರುವ ಆಯುಷ್ಯ ಎಷ್ಟು ಉದ್ದವಿದೆಯೋ ಎಂಬ ಹೆದರಿಕೆ.

ಈ ಚಿತ್ರಕ್ಕೆ ಒಂದು ಮೊಬೈಲ್ ಫೋನು ಸೇರಿಸಿ. ನಮ್ಮ ಯಾವ ಕಚೇರಿಯ ಮಧ್ಯಾಹ್ನವಾದರೂ ಇದಕ್ಕಿಂತ ಬೇರೆ ಇದೆಯೇ?

ಇವಾಗ್ರಿಯಸ್‌ನ ಮದ್ದು ಸರಳ. ಪ್ರತಿ ಕೆಲಸಕ್ಕೂ ಒಂದು ಅಳತೆ ಇಟ್ಟುಕೋ, ಅದು ಮುಗಿಯುವತನಕ ಏಳಬೇಡ. ಕಾಡುವ ಯೋಚನೆಗೆ ಬಾಯಿಬಿಟ್ಟು ಎದುರು ಮಾತಾಡು. ಹೀಗೆ ಎದುರಾಡಲೆಂದೇ ಸುಮಾರು 500 ಬೈಬಲ್ ವಚನಗಳನ್ನು ಯಾವ ಯೋಚನೆಗೆ ಯಾವುದು ಎಂದು ವಿಂಗಡಿಸಿ ಒಂದು ಪುಸ್ತಕವನ್ನೇ ಕಟ್ಟಿದ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಲ್ಲಿ, ತಲೆಯಲ್ಲಿ ತಾನಾಗಿ ಏಳುವ ಯೋಚನೆಯನ್ನು ಹಿಡಿದು ನಿಲ್ಲಿಸಿ ಪ್ರಶ್ನಿಸುವ ಕ್ರಮವಿದೆ. ಇಬ್ಬರೂ ಒಂದೇ ಅನ್ನುವುದು ಅತಿಯಾದೀತು. ಆದರೆ ತಲೆಗೆ ಬಂದದ್ದೆಲ್ಲ ನಿಜವಲ್ಲ, ಅದರೊಡನೆ ವಾದ ಮಾಡಬಹುದು ಎಂಬ ತಿಳಿವಳಿಕೆ ಇಬ್ಬರಲ್ಲೂ ಇದೆ.

ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗೊರಿ ಈ ಪಟ್ಟಿಯನ್ನು ತಿದ್ದಿ ಅಕೀಡಿಯವನ್ನು ದುಃಖದೊಳಗೆ ಸೇರಿಸಿದ. ಮುಂದೆ ಅದು ಏಳು ಮೂಲಪಾಪಗಳ ಸಾಲಿನಲ್ಲಿ ಸೋಮಾರಿತನವಾಗಿ ಕುಳಿತಿತು. ಅಲ್ಲಿಂದ ಶುರುವಾಯಿತು ತೊಂದರೆ. ಸನ್ಯಾಸಿಯ ಪಾಲಿಗೆ ಅದು ಹೊರಗಿನಿಂದ ಬಂದು ಮುತ್ತುವ ಕಾಟ. ಮುತ್ತಿಗೆಗೆ ಒಳಗಾದವನ ಜೊತೆ ನಿಲ್ಲಬೇಕಾದದ್ದು ಧರ್ಮ. ನಮ್ಮ ಪಾಲಿಗೆ ಅದು ಬೈಯಬೇಕಾದ ಗುಣವಾಯಿತು. ಸಿಕ್ಕಿಬಿದ್ದವನು ಬೈಗುಳದಿಂದ ಮೇಲೆದ್ದದ್ದನ್ನು ನಾನಂತೂ ಕಂಡಿಲ್ಲ.

ಉಪದೇಶವೂ ಅಷ್ಟೇ. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಕಥೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕ 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೂ ಬಂತು. ಅದರ ಆರಂಭದಲ್ಲೇ ಯಾತ್ರಿಕ ಹತಾಶೆಯ ಕೆಸರಿನಲ್ಲಿ ಹೂತುಹೋಗುತ್ತಾನೆ. ಆ ಜಾಗವನ್ನು ಗಟ್ಟಿ ಮಾಡಲು ರಾಜನ ಆಳುಗಳು ಶತಮಾನಗಳಿಂದ ಕೆಲಸ ಮಾಡುತ್ತಿದ್ದಾರಂತೆ. ಇಪ್ಪತ್ತು ಸಾವಿರ ಗಾಡಿ ಸದುಪದೇಶ ತಂದು ಸುರಿದಿದ್ದಾರಂತೆ. ಕೆಸರು ಎಲ್ಲವನ್ನೂ ನುಂಗಿದೆ, ಹಾಗೇ ಇದೆ. ಹನ್ನೆರಡು ವರ್ಷ ಜೈಲಿನಲ್ಲಿದ್ದ ಒಬ್ಬ ಬೋಧಕನೇ ಹೀಗೆ ಬರೆದ ಅನ್ನುವುದು ನನಗೆ ಇಷ್ಟ. ಆ ಕೆಸರಿನ ನಡುವೆ ಮೆಟ್ಟಿಲುಗಳೂ ಇವೆ, ಹೆದರಿದವನ ಕಣ್ಣಿಗೆ ಅವು ಬೀಳುವುದಿಲ್ಲ. ಯಾತ್ರಿಕನನ್ನು ಮೇಲಕ್ಕೆ ತಂದದ್ದು ಸಹಾಯ ಎಂಬ ಹೆಸರಿನವನೊಬ್ಬ ಚಾಚಿದ ಕೈ.

ಇನ್ನು ಪ್ರಯೋಗಾಲಯಕ್ಕೆ ಬರೋಣ. 1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಹೆಸರುವಾಸಿ. ಇವತ್ತಾಗಿದ್ದರೆ ಅನುಮತಿ ಸಿಗುತ್ತಿರಲಿಲ್ಲ, ಸಿಗಲೂಬಾರದು. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಸಿಕ್ಕಿದ್ದ ನಾಯಿಗಳನ್ನು ಆಮೇಲೆ ಒಂದು ಗಿಡ್ಡ ತಡೆ ಹಾರಿದರೆ ಸಾಕಾಗುವ ಪೆಟ್ಟಿಗೆಯಲ್ಲಿ ಬಿಟ್ಟರು. ಹೆಚ್ಚಿನವು ಹಾರಲಿಲ್ಲ, ಮುದುಡಿ ಮಲಗಿದವು. ಇಲ್ಲಿಯವರೆಗಿನ ಕಥೆ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಆ ನಾಯಿಗಳನ್ನು ಮತ್ತೆ ಹಾರಿಸಲು ಸುಲಭದ ಯಾವ ದಾರಿಯೂ ನಡೆಯಲಿಲ್ಲ. ಕೊನೆಗೆ ಹಗ್ಗ ಕಟ್ಟಿ ಆಚೆ ಬದಿಗೆ ಎಳೆದರು, ಮತ್ತೆ ಎಳೆದರು. ಎಳೆಸಿಕೊಳ್ಳುತ್ತ ಎಳೆಸಿಕೊಳ್ಳುತ್ತ ಒಂದು ಹೊತ್ತಿನಲ್ಲಿ ಅವು ತಾವೇ ಹಾರತೊಡಗಿದವು. ದಾಟಬಹುದು ಎಂಬ ಅರಿವು ಕಾಲಿನಿಂದ ತಲೆಗೆ ಹೋಯಿತು.

ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಇದೇ ಇಬ್ಬರು ಮಿದುಳಿನ ಅಧ್ಯಯನಗಳನ್ನು ಮುಂದಿಟ್ಟುಕೊಂಡು ತಮ್ಮ ಸಿದ್ಧಾಂತವನ್ನೇ ತಿರುಗಿಸಿ ಬರೆದರು. ಅಸಹಾಯಕತೆಯನ್ನು ಯಾರೂ ಕಲಿಯುವುದಿಲ್ಲ. ಕಷ್ಟ ದೀರ್ಘವಾದಾಗ ಮುದುಡಿ ಬೀಳುವುದು ಜೀವಿಯ ಸಹಜ ಸ್ಥಿತಿ. ಕಲಿಯಬೇಕಾದದ್ದು, ಇದರಲ್ಲಿ ಸ್ವಲ್ಪವಾದರೂ ನನ್ನ ಹಿಡಿತದಲ್ಲಿದೆ ಎಂಬುದನ್ನು. ಸಿಕ್ಕಿಬಿದ್ದವರ ಮೈಮೇಲಿನ ನಾಚಿಕೆಯ ಅರ್ಧ ಭಾರವನ್ನು ಈ ಒಂದು ತಿದ್ದುಪಡಿ ಇಳಿಸಬೇಕು.

ಯೋಹಾನನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಈಗ ಓದಿದರೆ ಬೇರೆಯೇ ಕಾಣುತ್ತದೆ. ಜೆರುಸಲೇಮಿನ ಬೇತ್ಸಥಾ ಕೊಳದ ಪಕ್ಕ, ಐದು ಮಂಟಪಗಳ ನೆರಳಲ್ಲಿ, 38 ವರ್ಷ ಕಾಯಿಲೆಯಿಂದ ಬಿದ್ದಿದ್ದ ಒಬ್ಬ. ವಾಸಿಯಾಗಲು ಮನಸ್ಸಿದೆಯೇ ಎಂದು ಯೇಸು ಕೇಳುತ್ತಾನೆ. ಆತ ಹೌದು ಅನ್ನುವುದಿಲ್ಲ, ಗಮನಿಸಿ. ನೀರು ಕಲಕಿದಾಗ ನನ್ನನ್ನು ಇಳಿಸುವವರಿಲ್ಲ, ಅಷ್ಟರಲ್ಲಿ ಇನ್ನೊಬ್ಬ ಇಳಿದುಬಿಡುತ್ತಾನೆ ಎಂದು ತನ್ನ ಕಥೆ ಹೇಳುತ್ತಾನೆ. ಅದು ಸುಳ್ಳು ನೆಪವೇನಲ್ಲ, ನಿಜವಾಗಿಯೂ ಅವನಿಗೆ ಯಾರೂ ಇರಲಿಲ್ಲ. ಯೇಸು ಆ ಕಥೆಯನ್ನು ಖಂಡಿಸುವುದಿಲ್ಲ. ನಂಬಿಕೆ ಎಷ್ಟಿದೆ ಎಂದು ಪರೀಕ್ಷಿಸುವುದೂ ಇಲ್ಲ. ಎದುರಿಗಿರುವವನು ಯಾರೆಂಬುದೇ ಆತನಿಗೆ ಗೊತ್ತಿರಲಿಲ್ಲ ಎಂದು ಮುಂದೆ ತಿಳಿಯುತ್ತದೆ. ಎದ್ದು ಹಾಸಿಗೆ ಹೊತ್ತು ನಡೆ ಎಂಬಷ್ಟೇ ಅಪ್ಪಣೆ. ಏಳುವ ಮನಸ್ಸು ಇದೆಯೋ ಇಲ್ಲವೋ ಎಂಬ ಪ್ರಶ್ನೆ ಬಗೆಹರಿಯುವ ಮೊದಲೇ ಮೈ ಎದ್ದಿತ್ತು.

ಇದೇ ಕ್ರಮವನ್ನು, ಪವಾಡವಿಲ್ಲದೆ, ವಾರಕ್ಕೊಂದು ಭೇಟಿಯಂತೆ ಮಾಡಿ ನೋಡಿದವರು ನಮ್ಮ ಪಕ್ಕದ ಗೋವೆಯಲ್ಲಿದ್ದಾರೆ. ಖಿನ್ನತೆಗೆ ಚಟುವಟಿಕೆಯೇ ಚಿಕಿತ್ಸೆ ಎಂಬ ವಿಚಾರವನ್ನು 1970ರ ದಶಕದಲ್ಲಿ ಅಮೆರಿಕದ ಪೀಟರ್ ಲೆವಿನ್ಸನ್ ಬೆಳೆಸಿದ್ದರು. ಅದನ್ನು ಹಿಡಿದು ವಿಕ್ರಮ್ ಪಟೇಲ್ ಮತ್ತು 'ಸಂಗಾತ್' ಸಂಸ್ಥೆಯವರು ಗೋವೆಯ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದರು. ಸಲಹೆಗೆ ಕೂತವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ, ಅಷ್ಟೇ. ತೀವ್ರ ಖಿನ್ನತೆಯ 495 ಮಂದಿಯ ಮೇಲೆ ನಡೆದ ಈ ಅಧ್ಯಯನ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಎಂದಿನ ಆರೈಕೆಯ ಜೊತೆಗೆ ಈ ಭೇಟಿಗಳೂ ಸಿಕ್ಕವರು, ಸಿಗದವರಿಗಿಂತ ಸ್ಪಷ್ಟವಾಗಿ ಚೇತರಿಸಿಕೊಂಡಿದ್ದರು. ಈ ಬಗೆಯ ಚಿಕಿತ್ಸೆಯಲ್ಲಿ ಸಲಹೆಗಾರರು ಜೀವನದ ಅರ್ಥದ ಬಗ್ಗೆ ಭಾಷಣ ಮಾಡುವುದಿಲ್ಲ. ನಿನ್ನೆ ಏನು ಮಾಡಿದಿರಿ, ಯಾವ ಹೊತ್ತಿಗೆ ಮನಸ್ಸು ಕುಸಿಯಿತು, ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ ಯಾವುದು, ಅದರಲ್ಲಿ ಒಂದು ಚೂರನ್ನು ನಾಳೆ ಎಷ್ಟು ಗಂಟೆಗೆ ಮಾಡುತ್ತೀರಿ ಎಂದು ಕೇಳುತ್ತಾರೆ. ಮುಂದಿನ ವಾರ ಬಂದು, ಅದು ಏನಾಯಿತು ಅನ್ನುತ್ತಾರೆ. ಇವಾಗ್ರಿಯಸ್‌ನ ಅಳತೆಗೂ ಈ ಚೂರಿಗೂ ವ್ಯತ್ಯಾಸ ಬಹಳ ಇಲ್ಲ.

ಹಾಗಾದರೆ ನಂಬಿಕೆ ಯಾಕೆ, ಚಟುವಟಿಕೆಯ ಪಟ್ಟಿಯೇ ಸಾಕಲ್ಲ ಎಂದು ನಿಮ್ಮಲ್ಲಿ ಯಾರಾದರೂ ಕೇಳಬೇಕು. ಲೆವಿನ್ಸನ್ ಲೆಕ್ಕದಲ್ಲಿ ಮಾಡಿದ ಕೆಲಸಕ್ಕೆ ಏನಾದರೂ ಪ್ರತಿಫಲ, ಸಣ್ಣ ಖುಷಿಯಾದರೂ ಸಿಗಬೇಕು. ಅದರಿಂದಲೇ ಮುಂದಿನ ಕೆಲಸ ಹುಟ್ಟುವುದು. ಆದರೆ ಮರುಭೂಮಿಯ ಸನ್ಯಾಸಿಗಳ ಬಗ್ಗೆ ಬರೆದಿಟ್ಟ ಜಾನ್ ಕಾಸಿಯನ್ ಹೇಳುವ ಪೌಲ ಎಂಬ ಸನ್ಯಾಸಿಯನ್ನು ನೋಡಿ. ಪೇಟೆಯಿಂದ ಏಳು ದಿನದ ದಾರಿ ದೂರದಲ್ಲಿದ್ದ. ಖರ್ಜೂರದ ಗರಿ ಹೆಣೆಯುತ್ತಿದ್ದ. ಹೆಣೆದದ್ದನ್ನು ಮಾರಲು ಸಾಗಿಸಿದರೆ ಬರುವ ಬೆಲೆಗಿಂತ ಬಾಡಿಗೆಯೇ ಹೆಚ್ಚು. ಆದರೂ ದಿನದ ಪಾಲು ಹೆಣೆದು, ಗುಹೆ ತುಂಬಿಸಿ, ವರ್ಷದ ಕೊನೆಗೆ ಎಲ್ಲವನ್ನೂ ಸುಟ್ಟು ಮತ್ತೆ ಶುರು ಮಾಡುತ್ತಿದ್ದ. ಮನಶ್ಶಾಸ್ತ್ರಕ್ಕೆ ಇದು ವಿಚಿತ್ರ. ಹಾಸಿಗೆ ಹಿಡಿದ ಗಂಡನನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಹೆಂಗಸಿಗೆ ಇದು ವಿಚಿತ್ರವಲ್ಲ. ಫಲ ಕಾಣದ, ಕಾಣುವ ಸಂಭವವೂ ಇಲ್ಲದ ಕೆಲಸದಲ್ಲಿ ಬದುಕು ನಿಂತಾಗ, ಇದನ್ನು ನೋಡುತ್ತಿರುವವನು ಒಬ್ಬನಿದ್ದಾನೆ ಎಂಬ ನಂಬಿಕೆಗೆ ಮಾತ್ರ ಅಲ್ಲಿ ಕೆಲಸವಿದೆ. ಇದು ನನ್ನ ಅಭಿಪ್ರಾಯ. ಒಪ್ಪದ ಮನೋವಿಜ್ಞಾನಿಗಳು ಈ ಸಭೆಯಲ್ಲೂ ಇದ್ದಾರೆಂದು ಬಲ್ಲೆ.

ಇದ್ದಲ್ಲೇ ಇರಬೇಕೋ, ಎದ್ದು ಹೋಗಬೇಕೋ? ಸನ್ಯಾಸಿಗೆ ಕುಟೀರ ಬಿಡಬೇಡ ಎಂದರು, ಕೊಳದ ಬಳಿಯವನಿಗೆ ನಡೆ ಎಂದರು. ಜೆಸುಯಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಇಲ್ಲಿ ಉಪಯೋಗಕ್ಕೆ ಬರುತ್ತಾನೆ. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದವನು; ಮರುವರ್ಷ ಮನ್ರೇಸಾದಲ್ಲಿ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿ ಬಂದವನು. ಮನಸ್ಸು ಬರಡಾಗಿರುವ ಕಾಲದಲ್ಲಿ ಹಿಂದಿನ ನಿರ್ಧಾರವನ್ನು ಬದಲಿಸಬೇಡ, ಆದರೆ ನಿನ್ನನ್ನು ನೀನು ಬದಲಿಸಿಕೊಳ್ಳಲು ಆಗಲೇ ಹೆಚ್ಚು ದುಡಿ ಎಂಬುದು ಅವನ ನಿಯಮ. ರಾಜೀನಾಮೆ ಪತ್ರ ಬರೆಯುವುದಾದರೆ ನಡುಹಗಲಲ್ಲಿ ಬರೆಯಬೇಡಿ, ಅಷ್ಟೇ, ಬರೆಯಲೇಬೇಡಿ ಎಂದಲ್ಲ.

ಈ ನಿಯಮವನ್ನು ಯಾರೂ ಹೊಡೆತ ತಿನ್ನುವ ಹೆಂಡತಿಯ ಎದುರು ಹೇಳಬಾರದು. ಜೀವಕ್ಕೆ ಅಪಾಯವಿರುವ ಮನೆ ಕುಟೀರವಲ್ಲ. ಅಲ್ಲಿ ತಾಳ್ಮೆಯ ಉಪದೇಶ ಮಾಡುವ ಬೋಧಕ ತಪ್ಪಿತಸ್ಥ. ಹಾಗೆಯೇ, ವಾರಗಟ್ಟಲೆ ನಿದ್ದೆ ಇಲ್ಲದೆ, ಊಟ ಸೇರದೆ, ಸಾಯುವ ಮಾತಾಡುವವರನ್ನು ಪ್ರಾರ್ಥನಾಕೂಟಕ್ಕೆ ಮಾತ್ರ ಕರೆದೊಯ್ಯುವುದು ಕ್ರೌರ್ಯ. ಅದು ಕಾಯಿಲೆ, ಅದಕ್ಕೆ ಔಷಧಿ ಇದೆ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಸೇವೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ದಿತ್ತು. ಈಗ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಭಾನುವಾರದ ಪ್ರಕಟಣೆಗಳಲ್ಲಿ ಈ ಸಂಖ್ಯೆಯನ್ನು ಒಮ್ಮೆ ಓದಲು ಒಂದು ನಿಮಿಷವೂ ಬೇಡ.

ಕೊನೆಯದಾಗಿ ಎಲೀಯನ ಪ್ರಸಂಗ. ಕರ್ಮೆಲ್ ಬೆಟ್ಟದ ದೊಡ್ಡ ಗೆಲುವಿನ ಬೆನ್ನಿಗೇ ಈಜೆಬೆಲ್ ರಾಣಿಯ ಬೆದರಿಕೆಗೆ ಹೆದರಿ ಓಡಿ, ಮರುಭೂಮಿಯ ಒಂದು ಗಿಡದ ಕೆಳಗೆ ಬಿದ್ದು, ಸಾವು ಬೇಡಿದ ಪ್ರವಾದಿ. ದೇವದೂತ ಬಂದು ಬುದ್ಧಿ ಹೇಳಲಿಲ್ಲ. ರೊಟ್ಟಿ ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೂ ಎಲೀಯನ ದೂರು ಬದಲಾಗಲಿಲ್ಲ, ಉಳಿದವನು ನಾನೊಬ್ಬನೇ ಎಂದು ಎರಡು ಸಲ ಹೇಳಿದ. ದೇವರು ಮೊದಲು ಅವನಿಗೆ ಮೂರು ಕೆಲಸ ವಹಿಸಿದ: ಹಜಾಯೇಲನನ್ನೂ ಯೇಹುವನ್ನೂ ಅರಸರಾಗಿ ಅಭಿಷೇಕಿಸಬೇಕು, ಎಲೀಷನನ್ನು ತನ್ನ ಜಾಗಕ್ಕೆ ಆರಿಸಬೇಕು. ನೀನೊಬ್ಬನೇ ಅಲ್ಲ, ಇನ್ನೂ 7,000 ಮಂದಿ ಇದ್ದಾರೆ ಎಂಬ ತಿದ್ದುಪಡಿ ಬಂದದ್ದು ಆಮೇಲೆ. ಅರಸುಗಳ ಗ್ರಂಥಗಳನ್ನು ಮುಂದಕ್ಕೆ ಓದಿದರೆ, ಆ ಮೂರರಲ್ಲಿ ಎಲೀಯ ತಾನೇ ಹೋಗಿ ಮಾಡಿದ್ದು ಪಟ್ಟಿಯ ಕೊನೆಯದನ್ನು ಮಾತ್ರ: ಹನ್ನೆರಡು ಜೋಡಿ ಎತ್ತು ಕಟ್ಟಿ ಉಳುತ್ತಿದ್ದವನ ಹೊಲಕ್ಕೆ ಹೋಗಿ ತನ್ನ ಕಂಬಳಿಯನ್ನು ಅವನ ಮೇಲೆ ಹಾಕಿದ. ಹಜಾಯೇಲನ ವಿಚಾರವೂ ಯೇಹುವಿನ ಅಭಿಷೇಕವೂ ಎಲೀಷನ ಕಾಲಕ್ಕೆ, ಎಲೀಷನ ಮೂಲಕ ನಡೆದವು.