ಹೊಲಿದು, ಬಿಚ್ಚಿ, ಕಲಿಯುವ ಕೌದಿ
(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬೀದರಿನವನು. ನಿಮ್ಮಲ್ಲಿರುವಂತೆ ಜಂಬಿಟ್ಟಿಗೆ ಕಲ್ಲು ನಮ್ಮಲ್ಲೂ ಉಂಟು. ನಿಮ್ಮ ಮಳೆ ಮಾತ್ರ ಇಲ್ಲ. ನಗರದ ಗಾಂಧಿ ಗಂಜವೆಂದರೆ ತೊಗರಿ, ಹೆಸರು, ಉದ್ದು, ಕಡಲೆಗಳ ಪೇಟೆ. ಅಲ್ಲಿ ಕಣ್ಣಿಗೆ ಬೀಳುವ ಹೊಲಿಗೆ ಹಮಾಲರದು. ದಬ್ಬಣಕ್ಕೆ ಸುತಳಿ ಪೋಣಿಸಿ, ಉದ್ದುದ್ದ ಹೊಲಿಗೆ ಹಾಕಿ ಚೀಲದ ಬಾಯಿ ಮುಚ್ಚುತ್ತಾರೆ. ಅದು ನಾಳೆ ಬಿಚ್ಚಲೆಂದೇ ಹಾಕಿದ ಹೊಲಿಗೆ. ನಮ್ಮ ಭಾಗದ ಮನೆಗಳಲ್ಲಿ ಇನ್ನೊಂದು ಹೊಲಿಗೆಯುಂಟು. ಅದು ವರ್ಷಗಟ್ಟಲೆ ಬಾಳಬೇಕು. ಕನ್ನಡದವರು ಅದನ್ನು ಕೌದಿ ಎನ್ನುತ್ತಾರೆ, ಮರಾಠಿ ಮಾತಿನವರು ಗೋಧಡಿ ಎನ್ನುತ್ತಾರೆ.

ಕಲಿಯುವವರು ತೊಟ್ಟಿಲ ಕೂಸಿಗೆ ಸಾಕಾಗುವ, ಎರಡು ಮೊಳ ಉದ್ದ ಒಂದೂವರೆ ಮೊಳ ಅಗಲದ ಕೌದಿಯಿಂದ ಆರಂಭಿಸುವುದು ಲೇಸು. ಕೆಟ್ಟರೆ ಕೆಡುವುದು ಒಂದೆರಡು ದಿನದ ಶ್ರಮ, ಹಳೆಯ ಬಟ್ಟೆಯ ನಾಲ್ಕು ತುಂಡು.

ಮೊದಲ ಯತ್ನದಲ್ಲಿ ಆಗುವುದೇನು? ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ದಾರವನ್ನು ಉದ್ದವಾಗಿ ಎಳೆದುಕೊಳ್ಳುತ್ತಾರೆ. ತೋಳಿನಷ್ಟು ದಾರ ಸಾಕೆಂಬುದನ್ನು ಯಾರೂ ಹೇಳಬೇಕಾಗಿಲ್ಲ, ಮೂರನೆಯ ಗಂಟೇ ಹೇಳುತ್ತದೆ. ಗಟ್ಟಿಯಾಗಲೆಂದು ದಾರವನ್ನು ಜಗ್ಗಿದರೆ ಬಟ್ಟೆ ನಿರಿಗೆಗಟ್ಟುತ್ತದೆ. ಪದರಗಳನ್ನು ಮೊದಲು ಕಚ್ಚಾ ಹೊಲಿಗೆಯಿಂದ ಹಿಡಿದಿಡದಿದ್ದರೆ, ಮೇಲೆ ಎಲ್ಲವೂ ನೇರವಾಗಿ ಕಂಡರೂ ತಳದ ಸೀರೆ ಮಡಿಚಿಕೊಂಡಿರುತ್ತದೆ. ತಿರುವಿ ಹಾಕಿದಾಗಲೇ ಅದು ತಿಳಿಯುವುದು. ಜೀರ್ಣವಾದ ಧೋತರಕ್ಕೆ ಹೊಸ ದಪ್ಪ ಬಟ್ಟೆ ಜೋಡಿಸಿದರೆ ಧೋತರವೇ ಹೊಲಿಗೆಯ ಗುಂಟ ಹರಿಯುತ್ತದೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಹಳೆಯದು ಎಂದೋ ಕುಗ್ಗಿ ಮುಗಿದಿರುತ್ತದೆ. ಇವೆರಡರ ಜಗಳ ಕೌದಿಯ ಮೈಮೇಲೆ ಮೂಡುತ್ತದೆ. ಆದುದರಿಂದ ಕೌದಿಯ ನಿಜವಾದ ಪರೀಕ್ಷೆ ಮೊದಲ ಒಗೆತ.

ನಾಲ್ಕು ಅಂಚುಗಳನ್ನು ಮೊದಲೇ ಬಿಗಿದವರ ಕೌದಿಗೆ ನಡುವೆ ಹೊಟ್ಟೆ ಬರುತ್ತದೆ. ಹಾಗೆಂದು ನಡುವಿನಿಂದಲೇ ಹೊಲಿಯಬೇಕೆಂದು ನಿಯಮ ಮಾಡಿಬಿಡಬೇಡಿ. ನಿಮ್ಮ ನೆರೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ತಾಯಂದಿರು ಮಾಡುವುದು ಇದಕ್ಕೆ ತದ್ವಿರುದ್ಧ. ಒಂದು ಮೂಲೆಯಿಂದ ಹೊರಟು, ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಆದರೂ ಅದು ಉಬ್ಬುವುದಿಲ್ಲ. ತುಂಡುಗಳನ್ನು ಮೊದಲೇ ಅಳೆದು ಜೋಡಿಸದೆ, ಒಂದನ್ನು ಹೊಲಿದ ಮೇಲೆ ಉಳಿದ ಜಾಗವನ್ನು ನೋಡಿ ಮುಂದಿನದನ್ನು ಮಡಿಸಿಕೊಳ್ಳುವುದೇ ಇದಕ್ಕೆ ಕಾರಣವೆಂದು ನನ್ನ ಊಹೆ. ತಪ್ಪು ಬೆಳೆಯುವ ಮೊದಲೇ ತಿದ್ದುಪಡಿ ಆಗಿರುತ್ತದೆ. ಕೊನೆಗೆ ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ‘ಫುಲಾ’ ಕೂಡಿಸುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಹಳ್ಳಿಯ ಕಪ್ಪು ಹೆಣ್ಣುಮಕ್ಕಳ ಕೌದಿಗಳು 2002ರಲ್ಲಿ ದೊಡ್ಡ ಸಂಗ್ರಹಾಲಯಗಳಿಗೆ ಹೋದವು, 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂದವು. ನಮ್ಮ ಕೌದಿಗಳು ಅಟ್ಟ ಸೇರಿವೆ!

ಈಗ ನನ್ನನ್ನು ಕಾಡುವ ಸಂಗತಿಗೆ ಬರುತ್ತೇನೆ. ಹಳೆಯ ಕೌದಿ ಬೆವರನ್ನು ಹೀರುತ್ತಿತ್ತು, ಏಕೆಂದರೆ ಅದು ಹತ್ತಿಯದು. ಇಂದು ಅಟ್ಟದ ಗಂಟು ಬಿಚ್ಚಿದರೆ ಬಹುಪಾಲು ಪಾಲಿಯೆಸ್ಟರ್ ಸೀರೆ. ಅದು ಬೆವರು ಹೀರದು, ಮಣ್ಣಿಗೆ ಹಾಕಿದರೆ ಕೊಳೆಯದು. ಒಗೆದಾಗಲೆಲ್ಲ ಅದರ ಕಣ್ಣಿಗೆ ಕಾಣದ ಎಳೆಗಳು ನೀರಿಗೆ ಸೇರುತ್ತವೆ. ಆ ನೀರು ನಿಮ್ಮ ಹಳ್ಳಗಳದೇ. ಗುರುತಿಸುವುದು ಸುಲಭ: ಒಂದೆರಡು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ಬಟ್ಟೆಯನ್ನು ಎಸೆಯಿರಿ ಎನ್ನಲಾರೆ. ಇನ್ನೂ ಬಾಳುವ ವಸ್ತುವನ್ನು ಎಸೆಯುವುದು ಯಾವ ಪರಿಸರ ಪ್ರೇಮ? ಕೈಚೀಲಕ್ಕೆ ಬಳಸಿ, ಒಗೆತ ಕಡಿಮೆಯಿರುವ ಕಡೆ ಬಳಸಿ. ಕೂಸಿನ ಮೈಗೆ ತಾಗುವ ಪದರಕ್ಕೆ ಮಾತ್ರ ಬೇಡ. ಜರಿಯಂಚೂ ಬೇಡ, ಚುಚ್ಚುತ್ತದೆ.

ಹತ್ತಿಯ ಸೀರೆ, ಧೋತರಗಳು ಇನ್ನೂ ಕೆಲವು ಮನೆಗಳಲ್ಲಿವೆ. ಪಾತ್ರೆ ಮಾರುವವರು ಬಂದಾಗ ಒಂದು ಸ್ಟೀಲ್ ಡಬ್ಬಿಗೆ ಅವನ್ನು ಕೊಟ್ಟುಬಿಡುವ ಮುನ್ನ ಮನೆಯ ಅಜ್ಜಿಯನ್ನು ಒಮ್ಮೆ ಕೇಳಿ. ಬಟ್ಟೆಯನ್ನು ಮುಟ್ಟಿ ಹೇಳಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಮಾತು ಸಾಕು. ಹಳೆಯ ಧೋತರಗಳ ಗಂಟೊಂದನ್ನು ತಂದಿದ್ದೇನೆ, ಸೂಜಿಗಳೂ ಇವೆ. ಊಟವಾದ ಮೇಲೆ ಜಗಲಿಯ ಮೇಲೆ ಕೂರೋಣ. ಹುಡುಗರೂ ಬರಬೇಕು.