ಗಿರಾಕಿಯ ದೂರಿಗೆ ಗಲ್ಲಾದಿಂದ ಉತ್ತರ



ಮಾಟುಂಗದ ನಮ್ಮವರ ಹೋಟೆಲುಗಳಲ್ಲಿ ಹಿಂದೆ ಸಾಂಬಾರು ಹಳಸಿದ್ದರೆ ಗಿರಾಕಿಯು ಗಲ್ಲಾದ ಮುಂದೆ ನಿಂತು ನಾಲ್ಕು ಮಾತಾಡಿ ಹೋಗುತ್ತಿದ್ದನು. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ಮೆಟ್ಟಿಲಿಳಿಯುವ ಮೊದಲೇ ಗೂಗಲ್ ನಕ್ಷೆಯಲ್ಲಿ ಒಂದು ನಕ್ಷತ್ರವನ್ನೊತ್ತಿ ಬರೆದುಬಿಡುತ್ತಾನೆ. ಆ ಬರಹ ವರ್ಷಗಟ್ಟಲೆ ನಿಲ್ಲುತ್ತದೆ. ಇಪ್ಪತ್ತು ಜನ ಐದೈದು ನಕ್ಷತ್ರ ಕೊಟ್ಟಲ್ಲಿ ಇದರಿಂದ ಸರಾಸರಿ ಸುಮಾರು 4.8ಕ್ಕೆ ಇಳಿದೀತು. ನಾಲ್ವರೇ ಬರೆದ ಚಿಕ್ಕ ಅಂಗಡಿಯಲ್ಲಾದರೋ 4.2! ಪೆಟ್ಟು ಬೀಳುವುದು ಬಡವನಿಗೇ.

ಹೆದರಿ ಭಾವಮೈದುನರಿಂದ ಹೊಗಳಿಕೆ ಬರೆಸುವವರುಂಟು. ಹಣ ಕೊಟ್ಟು ಬರೆಸಿದ್ದನ್ನು ಪ್ರಕಟಿಸಕೂಡದೆಂದು ಭಾರತೀಯ ಮಾನಕ ಬ್ಯೂರೋ 2022ರಲ್ಲೇ ಐಎಸ್ 19000 ಎಂಬ ಮಾನಕದಲ್ಲಿ ಹೇಳಿದೆ. ಅದಿರಲಿ, ಒಂದೇ ದಿನ ಹತ್ತು ಜನ ಒಂದೇ ಮಾತಿನಲ್ಲಿ ಇಡ್ಲಿಯನ್ನು ಕೊಂಡಾಡಿದರೆ ಯಾರು ನಂಬಿಯಾರು?

ಮಾಲಿಕನಿಗೂ ಉತ್ತರ ಬರೆಯುವ ಸೌಕರ್ಯವುಂಟು. ಅದನ್ನು ದೂರಿದವನೊಬ್ಬನೇ ಓದುವುದಿಲ್ಲ. ನಾಳೆ ಬರಲಿರುವ ಗಿರಾಕಿಯೂ ಓದುತ್ತಾನೆ. ನಿಮ್ಮ ಉತ್ತರವಿರುವುದು ಮುಖ್ಯವಾಗಿ ಅವನಿಗೆ. ಆದಕಾರಣ ಸಿಟ್ಟಿಳಿಯುವ ತನಕ ಬರೆಯಬೇಡಿ. ಮೊದಲು ಅಡಿಗೆಯವರನ್ನೂ ಮಾಣಿಯನ್ನೂ ವಿಚಾರಿಸಿರಿ. ತಪ್ಪಿದ್ದರೆ ಒಪ್ಪಿಕೊಂಡು, ಏನು ಸರಿಪಡಿಸಿದಿರೆಂದು ಎರಡೇ ಸಾಲಿನಲ್ಲಿ ತಿಳಿಸಿರಿ. ಗಿರಾಕಿಯ ಫೋನ್ ನಂಬರು, ಅವನು ಯಾರೊಡನೆ ಬಂದಿದ್ದನೆಂಬ ಪುರಾಣ ಅಲ್ಲಿ ಸರ್ವಥಾ ಬೇಡ.

ಅಂಗಡಿಗೇ ಬಾರದವನು ಬರೆದಿದ್ದರೆ, ಹೊಲಸು ಬೈಗುಳವಿದ್ದರೆ, ಗೂಗಲ್‌ಗೆ ದೂರು ಕೊಡಬಹುದು. ನಮಗೆ ಹಿಡಿಸಲಿಲ್ಲವೆಂಬ ಮಾತ್ರಕ್ಕೆ ಅವರು ತೆಗೆಯುವುದಿಲ್ಲ. ಬರೆದವನು ಮನಸ್ಸು ಬದಲಾದರೆ ತಾನೇ ತಿದ್ದಬಹುದು. ಪುಕ್ಕಟೆ ದೋಸೆಯ ಆಸೆ ತೋರಿಸಿ ತಿದ್ದಿಸುವ ಉಪಾಯ ಮಾತ್ರ ಅವರ ನಿಯಮಕ್ಕೂ ವಿರುದ್ಧ.