ನಾಯಕ್ ಯಶವಂತ ಘಾಡ್ಗೆಯ ನೆನಪು
(ಬೆಳಗಾವಿ ಸೀಮೆಯ ಒಂದು ಹಳ್ಳಿಯ ಶಾಲೆಯಂಗಳದಲ್ಲಿ ಮಾಡಿದ ಭಾಷಣ)



ಬೆಳಗಾವಿ ಪೇಟೆಗೆ ಹೋಗಿಬಂದವರೆಲ್ಲರೂ ಮರಾಠಾ ಲೈಟ್ ಇನ್‌ಫಂಟ್ರಿಯ ಜವಾನರನ್ನು ಕಂಡೇ ಇದ್ದೀರಿ. 1922ರಿಂದ ಆ ರೆಜಿಮೆಂಟಿನ ತರಬೇತಿಯ ಠಾಣ್ಯವು ಅಲ್ಲಿಯೇ ಇದೆ. ಹೆಸರು ಮರಾಠಾ ಎಂದಿದ್ದರೂ ನಮ್ಮ ಸೀಮೆಯ ಹುಡುಗರೂ ಅದರಲ್ಲಿ ಭರ್ತಿಯಾಗುತ್ತ ಬಂದಿದ್ದಾರೆ. ಈ ಹೊತ್ತು ನಾನು ಹೇಳಹೊರಟಿರುವುದು ಅದೇ ರೆಜಿಮೆಂಟಿನ 3ನೆಯ ಪಲ್ಟನ್ನಿನ ಒಬ್ಬ ನಾಯಕನ ಸಂಗತಿ. ನಾಯಕ್ ಎಂದರೆ ದೊಡ್ಡ ಅಧಿಕಾರಿಯಲ್ಲ, ತೋಳಿನ ಮೇಲೆ ಎರಡು ಪಟ್ಟಿಯವನು. ಊರು ಅಂದಿನ ಕೊಲಾಬಾ, ಇಂದಿನ ರಾಯಗಡ ಜಿಲ್ಲೆಯ ಮಾಣಗಾವ್ ಕಡೆ. ಹೆಸರು ಯಶವಂತ ಘಾಡ್ಗೆ.

ಎರಡನೆಯ ಮಹಾಯುದ್ಧದಲ್ಲಿ ಈ ಪಲ್ಟನ್ನು 1941ರಲ್ಲಿ ಆಫ್ರಿಕದ ಕೆರೆನ್ ಗುಡ್ಡಗಳಲ್ಲಿ ಕಾದಿತು. ಮುಂದೆ ಇಟಲಿಗೆ ಹೋಯಿತು. 1944ರ ಜೂನಿನಲ್ಲಿ ರೋಮ್ ಪಟ್ಟಣವೇನೋ ಕೈಸೇರಿತು. ಆದರೆ ಜರ್ಮನರು ಸುಮ್ಮನೆ ಓಡಿಹೋಗಲಿಲ್ಲ. ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಗುಡ್ಡಕ್ಕೊಂದು ಮೆಷಿನ್‌ಗನ್ ಹೂಡಿ ಕುಳಿತರು.

ಜುಲೈ 10ರಂದು ಘಾಡ್ಗೆಯ ಸಣ್ಣ ತುಕಡಿಯ ಮೇಲೆ ತೀರ ಹತ್ತಿರದಿಂದ ಗುಂಡಿನ ಮಳೆ ಬಿತ್ತು. ಆತನೊಬ್ಬನ ಹೊರತು ಜೊತೆಯವರೆಲ್ಲ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆತ ಒಬ್ಬನೇ ಮುಂದಕ್ಕೆ ನುಗ್ಗಿದ. ಕೈಬಾಂಬೆಸೆದು ಮೆಷಿನ್‌ಗನ್ನನ್ನೂ ಅದನ್ನು ಹಾರಿಸುತ್ತಿದ್ದವನನ್ನೂ ಅಡಗಿಸಿದ. ಇನ್ನೊಬ್ಬನನ್ನು ಗುಂಡಿಟ್ಟು ಕೊಂದ. ಬಂದೂಕಿಗೆ ಮತ್ತೆ ಗುಂಡು ತುಂಬಲು ವೇಳೆಯಿಲ್ಲ. ನಳಿಗೆಯನ್ನು ಹಿಡಿದು, ಒನಕೆ ಬೀಸಿದಂತೆ ಬೀಸಿ, ಉಳಿದಿಬ್ಬರನ್ನೂ ಕೆಡವಿದ. ಅಷ್ಟರಲ್ಲಿ ಮರೆಯಲ್ಲಿದ್ದ ಶತ್ರುವಿನ ಗುಂಡು ತಗುಲಿ ಅಲ್ಲಿಯೇ ಬಿದ್ದ. ವಯಸ್ಸು ಇಪ್ಪತ್ತೆರಡು. ಕೇಳುವವರಿಗೆ ಇದು ವೀರಕಥೆ. ನನಗೆ ಮಾತ್ರ ಆ ವಯಸ್ಸೇ ಮೊದಲು ನೆನಪಾಗುತ್ತದೆ.

ವಿಕ್ಟೋರಿಯಾ ಕ್ರಾಸ್ ಪದಕವನ್ನು ಹೆಂಡತಿ ಸ್ವೀಕರಿಸಬೇಕಾಯಿತು. ಆತನಿಗೆ ಗೋರಿಯಿಲ್ಲ; ಇಟಲಿಯ ಕಸಿನೋ ಎಂಬಲ್ಲಿ, ಗೋರಿ ಇಲ್ಲದವರ ಹೆಸರು ಕೊರೆದಿರುವ ಕಲ್ಲಿನಲ್ಲಿ ಆತನ ಹೆಸರೂ ಇದೆ. ಅದೇ ರೆಜಿಮೆಂಟಿನ 1ನೆಯ ಪಲ್ಟನ್ನಿನ ನಾಮದೇವ ಜಾಧವ ಎಂಬ ಸಿಪಾಯಿ 1945ರ ಏಪ್ರಿಲಿನಲ್ಲಿ ಸೆನಿಯೋ ನದಿಯ ದಂಡೆಯಲ್ಲಿ ಗಾಯಾಳುಗಳಿಬ್ಬರನ್ನು ಹೊತ್ತು ದಾಟಿಸಿ, ಶತ್ರುವಿನ ಮೂರು ಮೆಷಿನ್‌ಗನ್ ನೆಲೆಗಳನ್ನು ಮುರಿದು ಅದೇ ಪದಕವನ್ನು ಪಡೆದ. ಆತ ಬದುಕಿ ಬಂದ, 1984ರವರೆಗೆ ಇದ್ದ. ಇಟಲಿಗೆ ಹೋದ ಸುಮಾರು 50,000 ಭಾರತೀಯರಲ್ಲಿ 5,782 ಮಂದಿ ತಿರುಗಿ ಬರಲಿಲ್ಲ. ಅವರಲ್ಲಿ ಎಷ್ಟು ಜನರ ಹೆಸರು ಅವರವರ ಊರಿನಲ್ಲಿ ಉಳಿದಿದೆ?

2023ರ ಜುಲೈನಲ್ಲಿ ಇಟಲಿಯ ಮೊಂತೋನೆ ಎಂಬ ಊರಿನವರು ಘಾಡ್ಗೆಯ ಹೆಸರಿನಲ್ಲಿ ಒಂದು ನೆರಳು ಗಡಿಯಾರವನ್ನು ನಿಲ್ಲಿಸಿದರು. ನಾವೆಲ್ಲರೂ ಒಬ್ಬನೇ ಸೂರ್ಯನ ಕೆಳಗಿನವರು ಎಂಬ ಅರ್ಥದ ಮಾತನ್ನು ಅದರ ಮೇಲೆ ಬರೆಸಿದ್ದಾರೆ. ನಮ್ಮ ಭಾಷೆಯರಿಯದ ಜನ, ಸುಮಾರು ಎಂಬತ್ತು ವರ್ಷ ಕಳೆದ ಮೇಲೆ!

ಇನ್ನು ನಮ್ಮ ಮನೆಯ ಮಾತು. ನನ್ನ ಮುತ್ತಜ್ಜ ಮೊದಲನೆಯ ಮಹಾಯುದ್ಧಕ್ಕೆ ಹೋಗಿದ್ದರಂತೆ. ಆ ಕಾಲದ ಬೆಳ್ಳಿ ಪದಕದ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟನ್ನು ಎಲ್ಲವನ್ನೂ ಒತ್ತಿರುತ್ತಾರೆ. ಬರಗಾಲದ ಒಂದು ವರ್ಷ ಅದು ಅಕ್ಕಸಾಲಿಗನ ಕುಲುಮೆಗೆ ಹೋಯಿತು. ಯಾರನ್ನೂ ದೂರುತ್ತಿಲ್ಲ, ಮನೆಯಲ್ಲಿ ಜೋಳವಿರಲಿಲ್ಲ. ಆದರೆ ಅವರು ಯಾವ ಪಲ್ಟನ್ನಿನವರು, ಎಲ್ಲಿ ಕಾದಿದರು ಎಂದು ಹೇಳಬಲ್ಲವರು ಇಂದು ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ.

ಆದುದರಿಂದ ಅಟ್ಟದ ಮೇಲಿನ ಟ್ರಂಕುಗಳನ್ನು ಒಮ್ಮೆ ಕೆಳಗಿಳಿಸಿ ನೋಡಿರಿ. ಪದಕ, ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಕಾಗದ, ಹುಳ ತಿಂದ ಫೋಟೋ, ಯಾವುದಿದ್ದರೂ ತನ್ನಿರಿ. ಬರುವ ಭಾನುವಾರ ಸಂಜೆ ಇದೇ ಜಗಲಿಯ ಮೇಲೆ ಮಾಸ್ತರರು ವಹಿ ಹಿಡಿದು ಕುಳಿತಿರುತ್ತಾರೆ. ನೋಡಿ ಬರೆದುಕೊಂಡು ಅಲ್ಲಿಯೇ ಹಿಂದಕ್ಕೆ ಕೊಡುತ್ತಾರೆ. ನಡೆಯಲಾರದ ಅಜ್ಜಿಯರಿದ್ದರೆ ಹೇಳಿಕಳಿಸಿರಿ, ಅವರ ಮನೆಗೆ ನಾನೇ ಬರುತ್ತೇನೆ.